ಮರಳ ಮೇಲೆ ಕೂರಿಸಿದ ಕಲ್ಲು

ಉರಿಗಾಂನ ನಮ್ಮ ಮನೆಯ ಮುಂಗೋಣೆಯಲ್ಲಿ ನಾನೊಂದು ವಾಚನಾಲಯ ನಡೆಸುತ್ತೇನೆ. ಪತ್ರಿಕೆ ಓದಲು ಬರುವವರಲ್ಲಿ ಹೆಚ್ಚಿನವರು ಇಲ್ಲಿನ ಚಿನ್ನದ ಗಣಿಯಲ್ಲಿ ದುಡಿದವರು. ಕಳೆದ ವರ್ಷ ಅಲ್ಲೊಂದು ಉಪ್ಪುನೀರಿನ ಅಕ್ವೇರಿಯಂ ಇಟ್ಟೆ. ಬೇರೆ ಬೇರೆ ಜಾತಿಯ ಜೀವಗಳು ಒಂದೇ ನೀರಿನಲ್ಲಿ ಬಾಳಬಲ್ಲವೆಂಬುದನ್ನು ಭಾಷಣದಿಂದಲ್ಲ, ಕಣ್ಣೆದುರೇ ತೋರಿಸಬೇಕೆಂಬುದು ನನ್ನ ಹಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಾಯಿಗೆ ಒಂದು ಸಾಕ್ಷ್ಯ ಬೇಕಾಗಿತ್ತು ಎಂದರೂ ತಪ್ಪಿಲ್ಲ.

ಶಂಖದೊಳಗೆ ಬಾಳುವ ಏಡಿಗಳು ನೆಲೆಗೊಂಡ ಮೇಲೆ, ಬೆಂಗಳೂರಿನಿಂದ ಬಂಗಾರಪೇಟೆಗೆ ಬರುವ ರೈಲಿನಲ್ಲಿ ಎರಡು ಪ್ಲಾಸ್ಟಿಕ್ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಪಿಸ್ತೂಲು ಸೀಗಡಿಯನ್ನೂ ಗೋಬಿ ಜಾತಿಯ ಪುಟ್ಟ ಮೀನನ್ನೂ ತಂದೆ. ಸೀಗಡಿಗೆ ದೃಷ್ಟಿ ಮಂದ, ಬಿಲ ತೋಡುವುದರಲ್ಲಿ ಮಾತ್ರ ನಿಪುಣ. ತೊಟ್ಟಿಯ ಮರಳ ಮೇಲೆ ನಾನಿಟ್ಟಿದ್ದ ದೊಡ್ಡ ಕಲ್ಲಿನಡಿ ಅದು ಬಿಲ ಮಾಡಿಕೊಂಡಿತು. ಮೀನು ಬಿಲದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಸೀಗಡಿ ತನ್ನ ಮೀಸೆಯನ್ನು ಅದರ ಮೈಗೆ ತಾಗಿಸಿಕೊಂಡೇ ಮರಳು ಹೊರಹಾಕುತ್ತದೆ. ಮೀನು ಬಾಲ ಅದುರಿಸಿದರೆ ಎರಡೂ ಒಳಗೆ. ಸೀಗಡಿ ತನ್ನ ದೊಡ್ಡ ಇಕ್ಕುಳವನ್ನು ಮುಚ್ಚಿದಾಗ ಗಾಜು ಬಿರಿದಂತೆ ಟಕ್ಕೆನ್ನುತ್ತದೆ.

ಆ ಸದ್ದು ಮೊದಲ ಸಲ ಕೇಳಿದಾಗ, ಮೈಸೂರು ಮೈನ್ಸ್‌ನ ಆಳದಲ್ಲಿ ಬಹುಕಾಲ ದುಡಿದ ಪಕ್ಕದ ಮನೆಯ ಹಿರಿಯರು ಪತ್ರಿಕೆ ಬಿಸುಟು ಬಾಗಿಲಾಚೆ ನಿಂತಿದ್ದರು. ಉಳಿದವರು ನಕ್ಕರು. ಬಂಡೆ ಸದ್ದು ಮಾಡಿದರೆ ಮೊದಲು ಕಾಲು ತೆಗೆಯಬೇಕು, ಆಮೇಲೆ ಕಾರಣ ಕೇಳಬೇಕು ಎನ್ನುತ್ತ ಅವರು ಒಳಬಂದರು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಮೇಷ್ಟ್ರೇ, ಕಲ್ನ ಮರಳ್ ಮ್ಯಾಲೆ ಕೂರ್ಸಿದ್ದೀರ. ಇವ್ನು ನೋಡಿದ್ರೆ ಕೆಳಗೆ ತೋಡ್ತಾವ್ನೆ. ಸೂರು ಬೀಳ್ತದೆ."

ನಾನು ವಾದಿಸಿದೆ. ಸಮುದ್ರದಲ್ಲಿ ಇವಕ್ಕೆ ಯಾರೂ ಕಂಬ ನಿಲ್ಲಿಸಿ ಕೊಟ್ಟಿಲ್ಲವೆಂದೆ; ಸಹಜ ಪ್ರವೃತ್ತಿಯನ್ನು ಕುರಿತು ಮೂರು ಅಂಶಗಳನ್ನು ಮಂಡಿಸಿದೆ. ಅವರು ತಲೆದೂಗಿ ಪತ್ರಿಕೆಗೆ ಮರಳಿದರು. ಗೆದ್ದೆನೆಂದುಕೊಂಡೆ.

ಅದಾದ ಹತ್ತನೆಯ ದಿನ ಬೆಳಿಗ್ಗೆ ದೊಡ್ಡ ಕಲ್ಲು ವಾಲಿ ಬಿಲ ಮುಚ್ಚಿಹೋಗಿತ್ತು. ಬಾಯಿಲ್ಲದ ಬಿಲದ ಮುಂದೆ ಮೀನು ಕಾವಲು ನಿಂತೇ ಇತ್ತು. ಸೀಗಡಿ ಸತ್ತಿರುತ್ತದೆ, ಮೀನನ್ನಾದರೂ ಅಂಗಡಿಗೆ ಹಿಂತಿರುಗಿಸಿ ಎಂದು ಓದುಗರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಪಕ್ಕದ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ವಾದದ ಚಟಕ್ಕೆ, ಎಲ್ಲಿ ಎಡವಿದೆನೆಂದು ವಿವರಿಸಲೂ ತೊಡಗಿದೆ.

"ಅದೆಲ್ಲಾ ಆಮ್ಯಾಕೆ," ಎಂದು ಅವರು ಅಂಗಿಯ ತೋಳು ಮಡಿಸಿದರು. "ಒಳಗಿರೋನು ಬದ್ಕವ್ನೆ ಅಂತ್ಲೇ ತೋಡ್ಬೇಕು."

ಕಲ್ಲನ್ನು ನೇರವಾಗಿ ಎತ್ತಲು ಅವರು ಬಿಡಲಿಲ್ಲ. ಎರಡು ಚಪ್ಪಟೆ ಕಲ್ಲುಗಳನ್ನು ತೊಟ್ಟಿಯ ತಳದ ಗಾಜಿಗೇ ಊರಿ ಆಸರೆ ಕೊಟ್ಟರು. ಅವು ಬಿಗಿಯಾಗುವ ತನಕ ವಾಲಿದ ಕಲ್ಲು ನನ್ನ ಕೈಯಲ್ಲಿತ್ತು. ಅಲ್ಲಾಡಬೇಡಿ ಎಂದರು, ಭುಜ ಸೋತರೂ ನಾನು ಅಲ್ಲಾಡಲಿಲ್ಲ. ಆಮೇಲೆ ಚಮಚದಿಂದ ಮರಳು ತೆಗೆಯತೊಡಗಿದರು. ನಡುನಡುವೆ ಪಂಪು ನಿಲ್ಲಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಗಾಜಿಗೆ ಕಿವಿಯಿಟ್ಟು ಆಲಿಸುವರು. ಮತ್ತೆ ಚಮಚ. ಮೂರನೆಯ ಸಲ ಕಿವಿಯಿಟ್ಟಾಗ ಕಲ್ಲಿನಡಿಯಿಂದ ಟಕ್ಕೆಂದಿತು.

ಈ ಸಲ ಅವರು ಬಾಗಿಲ ಕಡೆ ನೋಡಲಿಲ್ಲ. ಚಮಚ ಕೆಳಗಿಟ್ಟು, ಇನ್ನು ಅವನೇ ತೋಡಿಕೊಳ್ಳಲಿ ಎಂದರು. ಮಧ್ಯಾಹ್ನದ ಹೊತ್ತಿಗೆ ಆಸರೆಯ ಪಕ್ಕದಲ್ಲಿ ಮರಳು ಹೊರಚೆಲ್ಲತೊಡಗಿತ್ತು. ಮೀನು ತನ್ನ ಜಾಗವನ್ನು ಎರಡು ಬೆರಳಷ್ಟು ಬದಲಿಸಿ, ಹೊಸ ಬಾಯಿಗೆ ಬಂದು ನಿಂತಿತು.