ಪ್ರಾರ್ಥನೆಯಲ್ಲಿಟ್ಟ ಶಾಲೆ

ಸುಣ್ಣದಕ್ಕ ಎಂದರೆ ಊರಿನ ಮೂರು ಚರ್ಚ್ ಸಭೆಯವರಿಗೂ ಗೊತ್ತು. ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಇಲ್ಲದೆ ಆ ಟೀಚರನ್ನು ಕಂಡವರಿಲ್ಲ. ಚರ್ಚಿನ ಹಿಂದಿನ ಎರಡು ಕೋಣೆ, ನಡುವೆ ಗೋಡೆಯ ಬದಲು ಒಂದು ಪರದೆ, ಇಪ್ಪತ್ತೆರಡು ಮಕ್ಕಳು: ಅಷ್ಟೇ ಶಾಲೆ. ಕಟ್ಟಡ ಒಂದು ಸಭೆಯದ್ದು, ಪುಸ್ತಕ ಇನ್ನೊಂದರದ್ದು, ಸಂಬಳ ಮೂರನೆಯದರದ್ದು. ಮೂವರು ಅತ್ತೆಯರಿಗೆ ಒಬ್ಬಳೇ ಸೊಸೆಯಾಗಿ ಆಕೆ ಹತ್ತೊಂಬತ್ತು ವರ್ಷ ಸವೆಸಿದ್ದಳು.

ಬೆಳಗಿನ ಪ್ರಾರ್ಥನೆಗೆ ಒಂದು ಕಟ್ಟಳೆಯಿತ್ತು. ಆಕೆ ಆಮೆನ್ ಅನ್ನುವವರೆಗೆ ಯಾರೂ ಕಣ್ಣು ಬಿಡುವಂತಿಲ್ಲ. ಯಾರು ಬಿಟ್ಟರೆಂದು ನೋಡಲು ಆಕೆಯದೇ ಒಂದು ಕಣ್ಣು ಯಾವಾಗಲೂ ಅರ್ಧ ತೆರೆದಿರುತ್ತಿತ್ತು, ಆ ಮಾತು ಬೇರೆ.

ವರ್ಷದ ಕೊನೆಗೆ ಸಭೆಗಳ ಹಿರಿಯರು ಸೇರಿದರು. ಮುಂದಿನ ವರ್ಷ ಶಾಲೆ ಉಂಟೋ ಇಲ್ಲವೋ ಎಂದು ಆಕೆ ನೇರವಾಗಿಯೇ ಕೇಳಿದಳು. ದೊಡ್ಡ ಹಿರಿಯರು ಕನ್ನಡಕ ಒರೆಸಿಕೊಂಡು, "ಪ್ರಾರ್ಥನೇಲಿ ಇಟ್ಕೋತೀವಿ, ಟೀಚರ್," ಅಂದರು.

ಈ ಜನರ ಮಾತಿನಲ್ಲಿ ಅದಕ್ಕೆ ಅರ್ಥ ಒಂದೇ: ಆಗೋದಿಲ್ಲ. ಚರ್ಚಿನೊಳಗೆ ಕೂತು ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟು ಎದ್ದುಹೋಗುತ್ತಾರೆ. ಸುಣ್ಣದಕ್ಕನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಷ್ಟೋ ಜನರಿಗೆ ತಾನೇ ಹಾಗೆ ಹೇಳಿ ಕಳಿಸಿದ್ದಳು. ಆದರೆ ಆವತ್ತು ಕಿವಿ ತನಗೆ ಬೇಕಾದ್ದನ್ನೇ ಕೇಳಿಸಿಕೊಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಮಕ್ಕಳ ಮನೆಮನೆಗೂ ಹೋಗಿ "ಶಾಲೆ ನಡೆಯುತ್ತೆ, ಬೇರೆ ಕಡೆ ಅಲೀಬೇಡಿ" ಎಂದು ಸಾರಿ ಬಂದಳು. ಅವರು ಅಲೆಯಲಿಲ್ಲ. ಟೀಚರ್ ಮಾತಲ್ಲವೇ.

ಶಾಲೆ ತೆರೆಯುವ ದಿನ ಬಾಗಿಲಿಗೆ ಬೀಗವಿತ್ತು. "ನಾವು ಆಗ್ಲೇ ಹೇಳಿದ್ವಲ್ಲ," ಅಂದರು ಹಿರಿಯರು. ಅವರ ಮೇಲೆ ಸಿಟ್ಟು ಮಾಡಲೂ ಆಕೆಗೆ ಮುಖವಿರಲಿಲ್ಲ.

ಎರಡು ವಾರ ಬೇರೆ ಶಾಲೆಗಳ ಮೆಟ್ಟಿಲು ಸವೆಸಿದಳು. ಎಲ್ಲ ಕಡೆ ಸೇರಿಸಿಕೊಳ್ಳುವ ದಿನ ದಾಟಿತ್ತು. ಕೈಕಾಲು ಹಿಡಿದು ಇಪ್ಪತ್ತೊಂದು ಮಕ್ಕಳಿಗೆ ಜಾಗ ಹುಡುಕಿದಳು. ಉಳಿದದ್ದು ಒಂದೇ, ಬಟ್ಟೆ ಹೊಲಿಯುವವಳ ಮಗಳು. ಎಂಟು ವರ್ಷದ ಆ ಹುಡುಗಿಗೆ ಮಾತು ತೊದಲುತ್ತಿತ್ತು. ಮೂರು ವರ್ಷ ಬಾಯಿಯನ್ನೇ ಬಿಡದವಳು, ಹೋದ ವರ್ಷವಷ್ಟೇ ಪರದೆಯ ಈಚೆ ನಿಂತು ಒಂದು ಪುಟ ಗಟ್ಟಿಯಾಗಿ ಓದಿದ್ದಳು. ದೊಡ್ಡ ಶಾಲೆಯವರು ಅವಳನ್ನು ಮಾತಾಡಿಸಿ ನೋಡಿ, ಮುಂದಿನ ವರ್ಷ ಬನ್ನಿ ಎಂದಿದ್ದರು. ಕೊನೆಯ ದಿನ ಬೆಳಗ್ಗೆ ಸುಣ್ಣದಕ್ಕ ಒಬ್ಬಳೇ ಹೋಗಿ ಬೇಡಿಕೊಂಡಾಗಲೂ ಅದೇ ಉತ್ತರ.

ಅದೇ ಮಧ್ಯಾಹ್ನ ತಾಯಿ ಮಗಳು ಆಕೆಯ ಮನೆಗೆ ಬಂದರು. ಮಗು ಹಳೇ ಶಾಲೆಯ ಚೀಲ ಬೆನ್ನಿಗೇರಿಸಿತ್ತು.

"ಇನ್ನೊಂದ್ಸಲ ನೀವೇ ಹೋಗಿ ಹೇಳಿ ನೋಡ್ತೀರಾ, ಅಕ್ಕ? ಮನೇಲಿ ಮತ್ತೆ ಮಾತೇ ನಿಲ್ಲಿಸಿದಾಳೆ."

ಹೋಗಿ ಬಂದೆ, ಆಗಲಿಲ್ಲ, ತಪ್ಪು ನನ್ನದೇ: ಹೇಳಬೇಕಾದದ್ದು ಇಷ್ಟೇ. ಆದರೆ ಬಾಯಿಗೆ ಬಂದ ಮಾತು ಬೇರೆ.

"ಪ್ರಾರ್ಥನೇಲಿ ಇಟ್ಕೋತೀನಿ, ಕಣಮ್ಮಾ."

ತಾಯಿಯೂ ಅದೇ ಸಭೆಯಲ್ಲಿ ಬೆಳೆದವಳು. "ಗೊತ್ತಾಯ್ತು ಬಿಡಿ," ಎಂದು ಬಾಗಿಲ ಕಡೆ ತಿರುಗಿದಳು.

ಮಗುವಿಗೆ ಆ ಅರ್ಥ ಇನ್ನೂ ಯಾರೂ ಕಲಿಸಿರಲಿಲ್ಲ. ಅದು ಚೀಲ ಕೆಳಗಿಟ್ಟು, ಕೈ ಜೋಡಿಸಿ ಕಣ್ಣು ಮುಚ್ಚಿತು. ತಾಯಿ ಕರೆದಳು, ಭುಜ ಹಿಡಿದು ಅಲುಗಿಸಿದಳು. ಮಗು ಕಣ್ಣು ಬಿಡಲಿಲ್ಲ. ಟೀಚರ್ ಇನ್ನೂ ಆಮೆನ್ ಅಂದಿರಲಿಲ್ಲ.