ಮೇಜರನ ಸಸ್ಯಾಹಾರ

ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ, ನಾಯಿಗಳಲ್ಲಿ ಎರಡೇ ಜಾತಿ. ಎಂಜಲೆಲೆಗೆ ಕಾಯುವವು ಒಂದು, ಡಬ್ಬಿಯ ಬಿಸ್ಕತ್ತಿಗೆ ಕಾಯುವವು ಇನ್ನೊಂದು. ಹಲಸೂರಿನ ನಮ್ಮ ಬೀದಿಯ ನಾಯಿಗಳೆಲ್ಲ ಮೊದಲನೆಯ ಪಂಗಡ. ಸಿಕ್ಕಿದರೆ ಉಂಟು, ಸಿಗದಿದ್ದರೆ ಮುಂದಿನ ಮದುವೆಮನೆ ಎಲ್ಲಿ ಅಂತ ವಿಚಾರಿಸಿಕೊಂಡು ಹೋಗುತ್ತವೆ. ಕುಕ್ ಟೌನಿನ ಬಂಗಲೆಗಳವು ಎರಡನೆಯವು. ನನಗೋ, ಬಿಸ್ಕತ್ತು ಎಂದರೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತ್ರ ಕಂಡ ವಸ್ತು. ಅದನ್ನು ನಾಯಿಗೆಂದೇ ಒಬ್ಬ ಪುಣ್ಯಾತ್ಮ ಕಾರ್ಖಾನೆಯಿಟ್ಟು ಮಾಡುತ್ತಾನೆ ಎಂದು ತಿಳಿದ ದಿನ ನನಗೆ ನಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚು ಕೊನೆಗೆ ಮರುಕವಾಗಿ ತಿರುಗಿದ ಕಥೆ ಇದು.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಚಡಪಡಿಕೆಯ ಜೀವ. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಅಂತ ವಾಪಸು ಬರುವವನು. ಇಂಥವನ ಕೈಗೆ ಯಾರಾದರೂ ತಮ್ಮ ನಾಯಿ ಕೊಡುತ್ತಾರೆಯೇ? ಮಿಸ್ ಕೊರ್ನೀಲಿಯಸ್ ಕೊಟ್ಟರು. ಕುಕ್ ಟೌನಿನಲ್ಲಿ ಪಿಯಾನೋ ಪಾಠ ಹೇಳಿಕೊಂಡಿದ್ದ ಒಂಟಿ ಮುದುಕಿ ಆಕೆ. ನಾನು ಕೆಲಕಾಲ ಅವರಿಗೆ ಕನ್ನಡ ಹೇಳಿಕೊಟ್ಟಿದ್ದೆ. ಯುದ್ಧ ನಡೆಯುತ್ತಿದ್ದ ಕಾಲ. ಕೋಲಾರದ ಚಿನ್ನದ ಗಣಿಯ ಹತ್ತಿರ ಇದ್ದ ಅವರ ತಂಗಿಗೆ ಕಾಯಿಲೆ ಜೋರಾಯಿತು. "ಮಾಸ್ಟರ್, ನನಗಿರೋದು ಇವನೊಬ್ಬ. ನಾನು ಬರೋವರೆಗೂ ನೋಡ್ಕೊಳ್ಳಿ," ಎಂದು ಚಂದನದ ಬಣ್ಣದ, ಜೋಲುಕಿವಿಯ ನಾಯಿಯ ಹಗ್ಗವನ್ನು ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡರು. ನಾಯಿಯ ಹೆಸರು ಮೇಜರ್. ನಿಜವಾದ ಮೇಜರುಗಳೇ ತುಂಬಿದ್ದ ಊರಿನಲ್ಲಿ ಅವನನ್ನು ಬೀದಿಯಲ್ಲಿ ಗಟ್ಟಿಯಾಗಿ ಕರೆಯುವುದಕ್ಕೂ ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ತೊಡಕಿತ್ತು: ಪದ್ದತ್ತೆ. ನಮ್ಮಪ್ಪನ ಅಕ್ಕ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಅಮ್ಮನಿಲ್ಲದ ನನ್ನನ್ನು ಸಾಕಿದವಳು. ಈರುಳ್ಳಿಯ ವಾಸನೆ ಪಕ್ಕದ ಮನೆಯಿಂದ ಬಂದರೂ ನಮ್ಮ ಕಿಟಕಿ ಮುಚ್ಚುವಂಥ ಮಡಿ. "ಮಾಂಸ ತಿನ್ನೋ ಪ್ರಾಣಿ ನನ್ನ ಹೊಸಲು ದಾಟಿದ್ರೆ ನಾನು ಕಾಶಿಗೆ ಹೋಗ್ಬಿಡ್ತೀನಿ ಕಣೋ," ಅಂದಳು. ಮಿಸ್ ಕೊರ್ನೀಲಿಯಸ್ಸರ ಮನೆಯಲ್ಲಿ ಸೀಮೆಯ ಬಿಸ್ಕತ್ತಿನ ಜೊತೆ ಮಟನ್ ಸೂಪೂ ನಡೆಯುತ್ತಿತ್ತು ಎಂಬುದರ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಅವರು ನಾಯಿಯ ಜೊತೆ ಕೊಟ್ಟಿದ್ದ ಸೀಮೆಯ ಬಿಸ್ಕತ್ತಿನ ಡಬ್ಬಿ ಬೇಗನೆ ಖಾಲಿಯಾಯಿತು. ಹಡಗಿಲ್ಲ, ಹೊಸ ಸರಕಿಲ್ಲ. ಈಗ ಶಿವಾಜಿನಗರ ಎನ್ನಬೇಕಂತೆ, ಆಗ ನಮಗದು ಬ್ಲಾಕ್‌ಪಳ್ಳಿ; ಅಲ್ಲಿ ಅಂಗಡಿಯಿಟ್ಟಿದ್ದ ಗೆಳೆಯ ಖಾದರ್ ಸಾಹೇಬರ ಹತ್ತಿರ ಓಡಿದೆ. "ಫಿಕರ್ ಮಾಡ್ಬೇಡಿ ಮಾಸ್ತರ್ ಸಾಬ್, ನಮ್ಮೂರಿಂದೇ ಹೊಸ ಮಾಲು ಬಂದಿದೆ," ಎಂದು ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ಮೇಲೆ ಬಾಲ ಎತ್ತಿದ ನಾಯಿಯ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ, ಇದು ಸಂಪೂರ್ಣ ಸಸ್ಯಜನ್ಯ, ನಾಡಿನ ಆಯ್ದ ಬೇರು, ಬೀಜ, ಎಲೆಗಳಿಂದ ತಯಾರಾದದ್ದು ಎಂಬ ಒಕ್ಕಣೆ. ಯಾವ ಬೇರು, ಯಾವ ಬೀಜ, ಯಾವ ಎಲೆ? ಅದಿಲ್ಲ.

ಆ ಒಕ್ಕಣೆಯನ್ನು ಕನ್ನಡ ಮಾಡಿ ಹೇಳಿದ್ದೇ ತಡ, ಪದ್ದತ್ತೆಯ ಮುಖ ಅರಳಿತು. ಬೇರು, ಬೀಜ, ಎಲೆ! ಋಷಿಗಳ ಆಹಾರ! ಅದುವರೆಗೆ ಬೀದಿಯ ಜಗುಲಿಯಲ್ಲಿದ್ದ ಮೇಜರನಿಗೆ ಅಂದೇ ಒಳಜಗುಲಿಗೆ ಬಡ್ತಿ ಸಿಕ್ಕಿತು. "ಪಾಪ, ಆ ಜನರ ಮನೇಲಿ ಹುಟ್ಟಿದ್ದಷ್ಟೇ. ಹೋದ ಜನ್ಮದ ಸಂಸ್ಕಾರ ಎಲ್ಲಿಗೆ ಹೋಗತ್ತೆ," ಎಂದು ತಾನೇ ಬಿಸ್ಕತ್ತನ್ನು ಬಿಸಿನೀರಲ್ಲಿ ನೆನೆಸಿ ಹಾಕಲು ಶುರುಮಾಡಿದಳು. ಮೇಜರನೂ ಮೊದಮೊದಲು ಚಪ್ಪರಿಸಿಕೊಂಡು ತಿಂದ. ಅತ್ತೆಯ ಹಿಂದೆ ಮುಂದೆ ತಿರುಗಾಡಿದ. ಅವಳು ಜಪಕ್ಕೆ ಕೂತರೆ ಎದುರಿಗೆ ಮುಂಗಾಲ ಮೇಲೆ ಗದ್ದವಿಟ್ಟು ಮಲಗಿದ.

ನೆಮ್ಮದಿ ಕೆಟ್ಟದ್ದು ನನ್ನದು. ಸಸ್ಯ ಎಂದರೆ ಸಾಧು ಎಂದು ನಮಗೆ ಹೇಳಿದವರು ಯಾರು? ಎಕ್ಕ ಸಸ್ಯವಲ್ಲವೇ? ದತ್ತೂರಿ? ಗುಲಗಂಜಿ? ಎಷ್ಟು ಮುದ್ದಾದ ಕಾಳು, ಅರೆದು ಹೊಟ್ಟೆಗೆ ಹೋದರೆ ಆಳೇ ಮಲಗುತ್ತಾನೆ. ಗ್ರೀಸ್ ದೇಶದ ಆ ತತ್ವಜ್ಞಾನಿಗೆ ಕುಡಿಸಿದ್ದೂ ಗಿಡದ ರಸವನ್ನೇ. ಶುದ್ಧ ಸಸ್ಯಾಹಾರಿ ಮರಣ. ಹಿಪ್ಪೆಯ ಹಿಂಡಿಯನ್ನು ಕೆರೆಗೆ ಎಸೆದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಹತ್ತಿಕಾಳು ತಿಂದ ಎಮ್ಮೆ ಗಟ್ಟಿ ಹಾಲು ಕೊಡುತ್ತದೆ, ನಿಜ. ಹಾಗಂತ ನಾನು ಹತ್ತಿಕಾಳಿನ ಹುಳಿ ಉಣ್ಣಲೇ? ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಇರಬಹುದು, ಆದರೆ ಮೇಜರ್ ಆಡಲ್ಲವಲ್ಲ! ಹೀಗೆ ತರಗತಿಯಲ್ಲಿ ಸಂಧಿ ಸಮಾಸ ಹೇಳುತ್ತಿದ್ದಾಗಲೂ ತಲೆಯೊಳಗೆ ಬೇರು, ಬೀಜ, ಎಲೆ ತಿರುಗುತ್ತಿದ್ದವು.

ಮತ್ತೆ ಖಾದರ್ ಸಾಹೇಬರ ಅಂಗಡಿಗೆ ಹೋದೆ. "ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ ಸಾಹೇಬ್ರೆ?"

"ಒಂದೂ ಇಲ್ಲ."

"ತಿಂದ ನಾಯಿ ಹೇಗೆ ಕಂಪ್ಲೇಂಟ್ ಕೊಡುತ್ತೆ?"

"ಅರೆ, ಅದೂ ಹೌದಲ್ಲ," ಎಂದು ಗಡ್ಡ ಕೆರೆದುಕೊಂಡು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಕಾಫಿ ತರಿಸಿದರು. ಆ ಕಾಫಿಯನ್ನು ಬಾಯಿಗಿಟ್ಟಾಗಲೇ ನನಗೆ ಹೊಳೆದದ್ದು. ರೇಷನ್ನಿನ ಕಾಲದ ಕಾಫಿಯಲ್ಲಿ ಕಾಫಿಬೀಜ ನೆಂಟರ ಹಾಗೆ ಅಪರೂಪಕ್ಕೆ ಬಂದು ಹೋಗುತ್ತಿತ್ತು. ಉಳಿದದ್ದೆಲ್ಲ ಹುರಿದ ಹುಣಸೆಬೀಜವೋ, ಖರ್ಜೂರದ ಬೀಜವೋ, ಇನ್ನಾವ ಪುಣ್ಯವೃಕ್ಷದ್ದೋ. ಮಾಡಿದವನಿಗೆ ಗೊತ್ತು, ದೇವರಿಗೆ ಗೊತ್ತು. ರೊಟ್ಟಿಯಲ್ಲಿ ಮರಗೆಣಸು, ಸಾಂಬಾರಪುಡಿಯಲ್ಲಿ ಮರದ ಹೊಟ್ಟು. ನಾಯಿಯ ತಟ್ಟೆಯ ಬಗ್ಗೆ ಇಷ್ಟು ವಿಚಾರಣೆ ನಡೆಸಿದ ನಾನು ನನ್ನ ಲೋಟದ ಬಗ್ಗೆ ಒಂದು ದಿನವಾದರೂ ಕೇಳಿದ್ದೆನೇ? ಸಕ್ಕರೆ ಕಡಿಮೆಯಾಯಿತು ಅಂತ ಮಾತ್ರ ಕೇಳಿದ್ದೆ. ಆದರೂ ಒಂದು ಸಮಾಧಾನ ಹೇಳಿಕೊಂಡೆ: ನನ್ನ ಹೊಟ್ಟೆ ಕೆಟ್ಟರೆ ನಾನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮೇಜರ್ ಇನ್ನೊಬ್ಬರ ಜೀವ. ಆ ಮುದುಕಿ ಬಂದು ಕೈ ಚಾಚಿದಾಗ ಹಗ್ಗವೊಂದನ್ನೇ ಕೊಡುವುದಕ್ಕೆ ಆಗುತ್ತದೆಯೇ?

ಅಷ್ಟರಲ್ಲಿ ಮೇಜರ್ ಮಂಕಾಗುತ್ತ ಬಂದ. ಅಂಚೆಯವನು ಬಂದರೂ ಬೊಗಳಲೊಲ್ಲ. ಬೆಕ್ಕು ಮೂಗಿನ ಮುಂದೆ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ನೋಡಿದೆಯಾ ಸಾತ್ವಿಕ ಆಹಾರದ ಗುಣ! ಸಿಟ್ಟು ಸೆಡವು ಎಲ್ಲ ಹೋಯ್ತು," ಎಂದು ಅತ್ತೆ ಹಿಗ್ಗಿದಳು. ಆಮೇಲೆ ಏಕಾದಶಿ ಬಂತು. ಅತ್ತೆಗೆ ನೀರೂ ಇಲ್ಲದ ಉಪವಾಸ. ಅಂದು ನಾನು ಬಿಸ್ಕತ್ತು ನೆನೆಸಿ ಮುಂದಿಟ್ಟರೆ ಮೇಜರ್ ಮೂಸಿ ನೋಡಿ, ಮುಖ ತಿರುಗಿಸಿ, ಹೋಗಿ ಅತ್ತೆಯ ಕಾಲ ಬಳಿ ಮಲಗಿಬಿಟ್ಟ.

ಸುದ್ದಿ ಜೋಗುಪಾಳ್ಯದವರೆಗೆ ಹರಡಲು ಮಧ್ಯಾಹ್ನ ಸಾಕಾಯಿತು. ಏಕಾದಶಿ ಮಾಡುವ ನಾಯಿ! ಹೆಂಗಸರು ಗುಂಪುಗುಂಪಾಗಿ ಬಂದರು. ಒಬ್ಬಾಕೆ ತುಳಸಿಯ ಸರ ತಂದು ಕೊರಳಿಗೆ ಹಾಕಿದಳು. ಇನ್ನೊಬ್ಬಾಕೆ, "ನಮ್ಮನೆ ಯಜಮಾನರಿಗೆ ಹೇಳಿ ಹೇಳಿ ಸಾಕಾಯ್ತು ರೀ, ಒಂದು ಹೊತ್ತು ಬಿಡೋಲ್ಲ. ಇದನ್ನ ನೋಡಿಯಾದ್ರೂ ಕಲೀಬೇಕು," ಎಂದು ಕೈಮುಗಿದಳು. ಗೋತ್ರ ಕೇಳುವುದೊಂದು ಬಾಕಿ. ನಾನು ಕಂಬಕ್ಕೆ ಒರಗಿ ನಿಂತು, ಇದು ಭಕ್ತಿಯೋ ಅಜೀರ್ಣವೋ ಎಂದು ಒದ್ದಾಡುತ್ತಿದ್ದೆ. ಬಾಯಿಬಿಟ್ಟು ಹೇಳಿದರೆ ಅಷ್ಟು ಜನ ಹೆಂಗಸರ ಮುಂದೆ ನಾಸ್ತಿಕನಾಗಬೇಕಿತ್ತು. ಅಲ್ಲದೆ, ನಿಜ ಹೇಳಬೇಕೆಂದರೆ, ಅದು ಭಕ್ತಿಯೇ ಆಗಿರಲಿ ಎಂದು ನನಗೂ ಆಸೆಯಿತ್ತು.

ಮಾರನೆಯ ಬೆಳಿಗ್ಗೆ ದ್ವಾದಶಿ. ಅತ್ತೆ ಮಿಂದು, ಅಡುಗೆ ಮಾಡಿ, ದೇವರಿಗೆ ತೋರಿಸಿ, ತನಗಿಂತ ಮೊದಲು ಮೇಜರನ ತಟ್ಟೆಗೆ ಇಟ್ಟಳು. "ಏಳಪ್ಪ, ಪಾರಣೆಗೆ ಹೊತ್ತಾಯ್ತು." ಮೇಜರ್ ತಲೆ ಎತ್ತಲಿಲ್ಲ. ಬಾಲದ ತುದಿಯೊಂದು ಅಲ್ಲಾಡಿತು. ಅತ್ತೆ ಅವನ ಮೂಗು ಮುಟ್ಟಿ ನೋಡಿದಳು. ಮಡಿಯಲ್ಲಿದ್ದವಳು, ನಾಯಿಯ ಮೂಗು ಮುಟ್ಟಿದಳು! "ಲೋ, ಇದು ಉಪವಾಸ ಅಲ್ಲ ಕಣೋ. ಮಗೂಗೆ ಮೈ ಸರಿಯಿಲ್ಲ. ಜಟಕಾ ಕರಿ, ಓಡು," ಎಂದು ಕಿರುಚಿದಳು. ಅನ್ನ ಅಲ್ಲೇ ಉಳಿಯಿತು. ದ್ವಾದಶಿಯ ಪಾರಣೆಯನ್ನೂ ಬಿಟ್ಟವನು ಭಕ್ತನಲ್ಲ, ರೋಗಿ. ಇಷ್ಟು ಅರ್ಥವಾಗುವುದಕ್ಕೆ ನಮ್ಮಂಥವರಿಗೆ ಪಂಚಾಂಗದಲ್ಲಿ ಒಂದು ತಿಥಿ ಮುಂದೆ ಹೋಗಬೇಕಾಯಿತು.

ದಂಡಿನ ಕುದುರೆಗಳಿಗೆ ಮದ್ದು ಕೊಟ್ಟು ನಿವೃತ್ತರಾಗಿದ್ದ ಮುದಲಿಯಾರ್ ಡಾಕ್ಟರು ಮೇಜರನ ಹೊಟ್ಟೆ ಒತ್ತಿದರು, ಕಣ್ಣು ಬಿಡಿಸಿದರು, ಏನು ಹಾಕುತ್ತೀರಿ ಅಂದರು. ನಾನು ಜೇಬಿನಿಂದ ಬಿಸ್ಕತ್ತು ತೆಗೆದೆ. ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡಿದರು.

"ಇದರಲ್ಲಿ ಏನಿದೆ ಡಾಕ್ಟ್ರೇ? ಇದರಿಂದಲೇ ಹೀಗಾಯ್ತಾ?"

"ತೆರಿಯಾದು ಸಾರ್. ನನಗೆ ಗೊತ್ತಿಲ್ಲ. ಇರಬಹುದು, ಇಲ್ಲದೇನೂ ಇರಬಹುದು. ಇದನ್ನ ನಿಲ್ಲಿಸಿ. ಮೆತ್ತಗೆ ಅನ್ನ ಮಾಡಿ, ತೆಳ್ಳಗೆ ಮಾಂಸದ ಸಾರು ಹಾಕಿ ಕೊಡಿ. ತಿಂದರೆ ಉಳೀತಾನೆ."

ಅವರಿಗೆ ಗೊತ್ತಿಲ್ಲವಾದರೆ ಯಾರಿಗೆ ಗೊತ್ತು? ಜಟಕಾದಲ್ಲಿ ಬರುವಾಗ ಮೇಜರನ ತಲೆ ನನ್ನ ತೊಡೆಯ ಮೇಲಿತ್ತು. ಉಳಿದ ಬಿಸ್ಕತ್ತಿನ ಚೂರನ್ನು ನಾನೇ ಬಾಯಿಗೆ ಹಾಕಿಕೊಂಡು ಅಗಿದೆ. ಮೊದಲು ಹೊಟ್ಟಿನ ರುಚಿ, ಆಮೇಲೆ ಹಿಂಡಿಯದು, ಕೊನೆಗೆ ನಾಲಗೆಯ ಹಿಂಭಾಗದಲ್ಲಿ ಒಂದು ಅಪರಿಚಿತ ಕಹಿ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಏನೂ ಆಗಲಿಲ್ಲ. ಅದರಿಂದ ಏನು ಸಿದ್ಧವಾಯಿತು? ಒಬ್ಬ ಮೇಷ್ಟರು ಒಂದು ಚೂರು ತಿಂದರೆ ಸಾಯುವುದಿಲ್ಲ ಎಂದಷ್ಟೇ. ಅದನ್ನೇ ದಿನವೂ, ಅದೊಂದನ್ನೇ, ಬೇರೆ ಗತಿಯಿಲ್ಲದೆ ತಿನ್ನುವ ಜೀವದ ವಿಷಯ ನನ್ನ ನಾಲಗೆ ಹೇಗೆ ಹೇಳೀತು?

ಮಾಂಸದ ಸಾರಿನ ಮಾತನ್ನು ಅತ್ತೆಗೆ ಹೇಗೆ ಹೇಳುವುದು ಎಂದು ತಿಳಿಯದೆ ನೇರವಾಗಿ ಬ್ಲಾಕ್‌ಪಳ್ಳಿಗೆ ಗಾಡಿ ಹೊಡೆಸಿದೆ. ಖಾದರ್ ಸಾಹೇಬರ ಹೆಂಡತಿ ತಕ್ಷಣ ಸಾರು ಕಾಯಿಸಿ, ಅನ್ನ ಕಲಸಿ, ಮುಚ್ಚಿದ ಪಾತ್ರೆಯಲ್ಲಿ ಕೊಟ್ಟರು. ಸಾಹೇಬರು ಉಳಿದ ಬಿಸ್ಕತ್ತಿನ ಪೆಟ್ಟಿಗೆಗಳನ್ನು ಅಂಗಡಿಯ ಮುಂದಿನಿಂದ ಒಳಗೆ ಸಾಗಿಸುತ್ತಿದ್ದುದನ್ನು ಕಂಡೆ. "ಡಾಕ್ಟ್ರಿಗೇ ಗೊತ್ತಿಲ್ದಿದ್ದು ನಾನು ಹ್ಯಾಗೆ ಮಾರ್ಲಿ ಮಾಸ್ತರ್ ಸಾಬ್," ಅಂದರು.

ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ, ಕಳ್ಳನ ಹಾಗೆ ಕೂತು ಪಾತ್ರೆ ಬಿಚ್ಚಿದೆ. ವಾಸನೆಗೆ ನನ್ನ ಮೂಗು ತಾನಾಗಿಯೇ ಇನ್ನೊಂದು ಕಡೆ ತಿರುಗಿತು. ಚಾಚಿದ ಕೈ, ತಿರುಗಿದ ಮುಖ. ಇಂಥವನ ಕೈಯಿಂದ ಯಾವ ನಾಯಿ ತಿಂದೀತು? ಮೇಜರ್ ನನ್ನನ್ನು ನೋಡಿ ಕಣ್ಣು ಮುಚ್ಚಿದ. ಅಷ್ಟರಲ್ಲಿ ಬೆನ್ನ ಹಿಂದೆ ಅತ್ತೆ. ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ಕಾಶಿಗೆ ಹೋಗುವ ಮಾತು ಬರುತ್ತದೆಂದು ನಾನು ತಲೆ ತಗ್ಗಿಸಿದೆ.

"ಕೊಡೋ ಇಲ್ಲಿ. ಉಣ್ಣಿಸೋಕೂ ಬರೋಲ್ಲ ನಿನಗೆ," ಎಂದು ನೆಲದ ಮೇಲೆ ಕೂತು, ಮೇಜರನ ತಲೆಯನ್ನು ತೊಡೆಗೆ ಎಳೆದುಕೊಂಡು, ಆ ಅನ್ನವನ್ನು ತನ್ನ ಕೈಯಿಂದಲೇ ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟಳು. ತುಟಿ ಮಾತ್ರ ನಾರಾಯಣ ನಾರಾಯಣ ಎನ್ನುತ್ತಿತ್ತು. ಮೊದಲ ತುತ್ತು ಹೊರಗೆ ಬಂತು. ಎರಡನೆಯದು ನಿಂತಿತು. ಮೂರನೆಯದಕ್ಕೆ ಅವನೇ ಬಾಯಿ ತೆರೆದ. ನಾನು ಬಾವಿಯ ಕಟ್ಟೆ ಹಿಡಿದು ನಿಂತು ಕಣ್ಣೀರು ಸುರಿಸಿದೆ. ನಾಚಿಕೆಯೂ ಆಗಲಿಲ್ಲ. ಅತ್ತೆ ಆಮೇಲೆ ಬಾವಿಯಿಂದ ಸೇದಿ ಸೇದಿ ತಲೆಯ ಮೇಲೆ ಸುರಿದುಕೊಂಡು, "ಅದರ ಹೊಟ್ಟೆ ಅದಕ್ಕೆ, ನನ್ನ ಮಡಿ ನನಗೆ," ಎಂದು ಒದ್ದೆ ಸೀರೆಯಲ್ಲೇ ಒಳಗೆ ಹೋದಳು. ಮಾರನೆಯ ದಿನ, ಅದರ ಮಾರನೆಯ ದಿನ, ಇದೇ ನಡೆಯಿತು. ಒಂದು ಬೆಳಿಗ್ಗೆ ಅಂಚೆಯವನನ್ನು ಕಂಡು ಮೇಜರ್ ಬೊಗಳಿದ. ಪದ್ದತ್ತೆ ಒಳಗಿನಿಂದಲೇ, "ಬಂತು, ಸಿಟ್ಟು ಬಂತು, ದೇವರು ದೊಡ್ಡವನು," ಅಂದಳು.

ಆ ಬಿಸ್ಕತ್ತು ಕೆಟ್ಟದ್ದೋ ಒಳ್ಳೆಯದೋ ನನಗೆ ಇಂದಿಗೂ ಗೊತ್ತಿಲ್ಲ. ಅದನ್ನೇ ಕೊಂಡೊಯ್ದಿದ್ದ ಬಂಗಲೆಗಳ ಬೇರೆ ನಾಯಿಗಳು ತಿಂದು ಗಟ್ಟಿಯಾಗಿದ್ದವು ಎಂದೂ ಕೇಳಿದೆ. ಮೇಜರನಿಗೆ ಒಗ್ಗಲಿಲ್ಲವೋ, ಯಜಮಾನಿತಿಯನ್ನು ನೆನೆದು ಕೊರಗಿದನೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಸುಮ್ಮನಿರುವುದು ನನ್ನಂಥ ಚಡಪಡಿಕೆಯವನಿಗೆ ಬಹಳ ಕಷ್ಟದ ಕೆಲಸ.

ಮಿಸ್ ಕೊರ್ನೀಲಿಯಸ್ ಬಂದರು. ತಂಗಿ ಚೇತರಿಸಿಕೊಂಡಿದ್ದರು. ಮೇಜರ್ ಹಾರಿ ಹಾರಿ ಅವರ ಟೋಪಿ ಬೀಳಿಸಿದ. ಹಗ್ಗವನ್ನೂ ನಾಯಿಯನ್ನೂ ಕೂಡಿಯೇ ಒಪ್ಪಿಸಿ ನಾನು ತಿಂಗಳುಗಳ ಉಸಿರನ್ನು ಒಟ್ಟಿಗೆ ಬಿಟ್ಟೆ. ನಡೆದದ್ದನ್ನೆಲ್ಲ ಕೇಳಿ ಆಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಚೀಲದಿಂದ ಒಂದು ಹೊಳೆಯುವ ತಗಡಿನ ಡಬ್ಬಿ ತೆಗೆದರು. ಆಗ ತಾನೇ ಎಲ್ಲೆಲ್ಲೂ ಬರುತ್ತಿದ್ದ, ತುಪ್ಪದ ಬದಲಿನ ವನಸ್ಪತಿ. "ನಿಮ್ಮ ಅತ್ತೆ ತುಂಬಾ ಸ್ಟ್ರಿಕ್ಟ್ ಅಲ್ವಾ, ಅದಕ್ಕೇ ತಂದೆ. ಪೂರ್ತಿ ವೆಜಿಟಬಲ್."

ಪದ್ದತ್ತೆ ಡಬ್ಬಿಯನ್ನು ತಿರುಗಿಸಿ ನೋಡಿದಳು. ಮುಚ್ಚಳ ತೆಗೆದು ಮೂಸಿದಳು. "ಯಾವ ಗಿಡದ್ದಂತೆ ಕೇಳೋ," ಅಂದಳು. ಕೇಳಿದೆ. ಮಿಸ್ ಕೊರ್ನೀಲಿಯಸ್ ಕನ್ನಡಕ ಹಾಕಿಕೊಂಡು ಡಬ್ಬಿಯ ಸುತ್ತ ಹುಡುಕಿ, ಅದು ಬರೆದಿಲ್ಲ ಅಂದರು.

"ಹಾಗಾದ್ರೆ ಇದನ್ನ ಮೇಜರನಿಗೆ ಹಾಕ್ತಾರಾ ಕೇಳು."

ಅದನ್ನೂ ಕೇಳಿದೆ. ಮಿಸ್ ಕೊರ್ನೀಲಿಯಸ್ ಗಾಬರಿಯಿಂದ ಮೇಜರನನ್ನು ಎದೆಗೆ ಅವಚಿಕೊಂಡು, "ಓ ನೋ, ನೋ! ಅವನ ಹೊಟ್ಟೆ ತುಂಬಾ ಡೆಲಿಕೇಟ್," ಎಂದು ಇಂಗ್ಲಿಷಿನಲ್ಲೇ ಅಂದರು.

ಅದನ್ನು ನಾನು ಕನ್ನಡ ಮಾಡಿ ಹೇಳಬೇಕಾಗಲಿಲ್ಲ. ಅತ್ತೆ ನಗುನಗುತ್ತಲೇ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.