ಎರಡು ಕಿಲೋ ಸಡಿಲ: ಸಾಪರ್ಗಾಲಿ ಅವರ ಇಪ್ಪತ್ತೆಂಟು ವರ್ಷ

ಶಿಮ್ಕೆಂತ್‌ನ ನಮ್ಮ ಟೆನಿಸ್ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ರ್‍ಯಾಕೆಟ್ಟುಗಳಿಗೆ ತಂತಿ ಕಟ್ಟಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಮಾನ್ಯ ಸಾಪರ್ಗಾಲಿ ಅವರು, ಯಾವ ಆಟಗಾರರಿಗೆ ವಯಸ್ಸಾಗುತ್ತಿದೆ ಎಂಬುದನ್ನು ತರಬೇತುದಾರರಿಗಿಂತ ಒಂದು ವರ್ಷ ಮೊದಲು, ಸ್ವತಃ ಆಟಗಾರರಿಗಿಂತ ಮೂರು ವರ್ಷ ಮೊದಲು ಬಲ್ಲವರು. ಇಂಥ ವಿದ್ಯೆ ಈ ಕ್ಷೇತ್ರದಲ್ಲಿ ಇನ್ನೊಬ್ಬರಿಗೆ ಇದೆಯೆಂದು ನಾವು ಕೇಳಿಲ್ಲ. ಈ ವಿದ್ಯೆಯಿಂದ ಅವರಿಗೆ ಸುಖವಾಯಿತೆಂದು ಬರೆದರೆ ಸುಳ್ಳಾದೀತು, ಅಭಿನಂದನ ಗ್ರಂಥದಲ್ಲಿ ಒಂದೇ ಒಂದು ಸುಳ್ಳು ಸೇರಿದರೂ ತಾವು ಅದನ್ನು ಮುಟ್ಟುವುದಿಲ್ಲ ಎಂದು ಅವರು ಸಂಪಾದಕರಾದ ನಮಗೆ ಮೊದಲೇ ಎಚ್ಚರಿಸಿದ್ದಾರೆ.

ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಅವರು ೧೯೯೬ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ನಮ್ಮ ಎರಡನೆಯ ಅಂಕಣದ ಹಿಂದಿನ ಕಿಟಕಿಯಿಲ್ಲದ ಕೋಣೆಗೆ ಬಂದು, ತಂತಿ ಬಿಗಿಯುವ ಯಂತ್ರದ ಮುಂದೆ ಕುಳಿತರು. ಹದಿನೇಳರ ವಯಸ್ಸಿನ ಆಟಗಾರರು ಎರಡು ದಿನಕ್ಕೊಮ್ಮೆ ತಂತಿ ಹರಿದುಕೊಂಡು ಬಂದು, ಇಪ್ಪತ್ತಾರು ಕಿಲೋ ಬಿಗಿ ಮಾಡಿ ಎಂದು ಜಂಬ ಕೊಚ್ಚುವರು. ಅದೇ ಆಟಗಾರರ ತಂತಿ ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನ ಹೊತ್ತಿಗೆ, ಹೊಡೆತದ ಬಿರುಸು ತಗ್ಗಿ, ವಾರವಾದರೂ ಹರಿಯುವುದಿಲ್ಲ. ಚೆಂಡು ಬಡಿದ ಗುರುತು ನಡುವಿನಿಂದ ತುದಿಯ ಕಡೆಗೆ ಜರುಗುತ್ತದೆ, ಏಕೆಂದರೆ ಕಾಲುಗಳು ಅರೆಕ್ಷಣ ತಡವಾಗಿ ತಲುಪುತ್ತಿರುತ್ತವೆ. ಸಾಪರ್ಗಾಲಿ ಅವರು ಆ ಗುರುತನ್ನು ಬೆರಳಿನಿಂದ ಸವರಿ ನೋಡುವರು, ಹೊಸ ತಂತಿ ಕಟ್ಟಿ ಕೊಡುವರು. ವರ್ಷದೊಳಗೆ ಆ ಹೆಸರು ಪಟ್ಟಿಯಿಂದ ಹೋಗುವುದು, ಮತ್ತೊಬ್ಬ ಹದಿನೇಳರವನು ಬಾಗಿಲಲ್ಲಿ ನಿಲ್ಲುವನು.

"ಸಾಪೆಕೆ, ನಿಮ್ಮ ಯಂತ್ರಕ್ಕೂ ಪಿಂಚಣಿ ಕೊಡ್ಸಿ, ಹಲ್ಲೆಲ್ಲ ಉದುರಿದೆ" ಎಂದು ಅಂಥವನೊಬ್ಬ, ಹಿರಿಯರನ್ನು ಕರೆಯುವ ಮರ್ಯಾದೆಯ ಕಿರುಹೆಸರಿನಿಂದಲೇ ರೇಗಿಸಿದರೆ, "ಅದಕ್ಕೆ ಸಿಗುತ್ತೆ ಕಣೋ, ನಿಂಗೆ ಸಿಗಲ್ಲ. ನಿಂದು ಇಪ್ಪತ್ತೈದಕ್ಕೇ ಮುಗಿಯುತ್ತೆ" ಎನ್ನುವರು. ಎಲ್ಲರೂ ನಗುವರು. ಆ ಹುಡುಗರ ಪೈಕಿ ಇವತ್ತು ಯಾರು ಎಲ್ಲಿದ್ದಾರೋ ಸಾಪರ್ಗಾಲಿ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಕೋಣೆಗೆ ಬರುವವರಿಗೆ ಯಾವಾಗಲೂ ಹದಿನೇಳೇ. ವಯಸ್ಸಾಗುತ್ತಿದ್ದುದು ಕುರ್ಚಿಯಲ್ಲಿ ಕೂತಿದ್ದವರೊಬ್ಬರಿಗೇ.

ಇದಕ್ಕೆ ಅಪವಾದವಾಗಿ ನಿಂತವರು ಮೊಲ್ದಿರ್. ಹನ್ನೆರಡನೆಯ ವಯಸ್ಸಿನಿಂದ ಇಲ್ಲೇ ಆಡಿ, ಇಪ್ಪತ್ತಮೂರಕ್ಕೆ ಜಗತ್ತಿನ ಇನ್ನೂರ ಹದಿನಾಲ್ಕನೆಯ ಸ್ಥಾನ ಮುಟ್ಟಿದ ಆಕೆ, ಓರಗೆಯವರೆಲ್ಲ ಬಿಟ್ಟುಹೋದ ಮೇಲೂ ಆಡುತ್ತಲೇ ಇದ್ದರು. ೨೦೧೫ರ ಚಳಿಗಾಲದಲ್ಲಿ ಸಾಪರ್ಗಾಲಿ ಅವರ ಪತ್ನಿ ಕುಲ್ಯಾಶ್ ತೀರಿಕೊಂಡಾಗ, ನಾವೆಲ್ಲ ನಲವತ್ತನೆಯ ದಿನದ ಊಟ ಉಂಡು ಕೈತೊಳೆದುಕೊಂಡು ಬಂದೆವು. ಮೊಲ್ದಿರ್ ಮಾತ್ರ ಬೆಳಗಿನ ಅಭ್ಯಾಸ ಮುಗಿಸಿ ದಿನವೂ ಆ ಕೋಣೆಗೆ ಹೋಗಿ, ಬಟ್ಟಲು ಹಾಲುಚಹಾ ಮುಂದಿಟ್ಟು, "ಕುಡೀರಿ, ಆರಿಹೋಗುತ್ತೆ" ಎಂದು ಗದರುತ್ತ ಎದುರಿಗೆ ಕೂರುತ್ತಿದ್ದರು. ಇಷ್ಟನ್ನು ನಮ್ಮಲ್ಲಿ ಇನ್ಯಾರೂ ಮಾಡಲಿಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಮೊಲ್ದಿರ್ ಅವರಿಗೆ ಇಪ್ಪತ್ತೊಂಬತ್ತಾಯಿತು, ತಂತಿ ಹರಿಯುವುದು ನಿಂತಿತು. ಬಲಭುಜ ನೋಯುತ್ತಿತ್ತು. ಆದರೂ, "ಇಪ್ಪತ್ತೈದು, ಸಾಪೆಕೆ. ಯಾವತ್ತಿನ ಹಾಗೆ" ಎಂದೇ ಹೇಳಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಸಾಪರ್ಗಾಲಿ ಅವರು ಯಂತ್ರದ ಮುಳ್ಳನ್ನು ಇಪ್ಪತ್ತಮೂರಕ್ಕೆ ಇಳಿಸಿ, ಹಿಡಿಕೆಗೆ ಅಂಟಿಸುವ ಚೀಟಿಯಲ್ಲಿ ಇಪ್ಪತ್ತೈದೆಂದು ಬರೆದರು. ಸಡಿಲ ತಂತಿಯಿಂದ ಚೆಂಡು ತಾನಾಗಿ ದೂರ ಹೋಗುತ್ತದೆ, ತೋಳಿಗೆ ಪೆಟ್ಟು ಕಡಿಮೆ. ಮೊಲ್ದಿರ್ ಗೆಲ್ಲತೊಡಗಿದರು. ಮೂವತ್ತನೆಯ ವಯಸ್ಸಿನಲ್ಲಿ ನಮ್ಮೂರ ಪಂದ್ಯಾವಳಿಯ ಪ್ರಶಸ್ತಿ ಬಟ್ಟಲನ್ನೇ ಗೆದ್ದು, "ನೋಡಿದ್ರಾ, ನಂಗೆ ವಯಸ್ಸೇ ಆಗಲ್ಲ!" ಎಂದು ಕುಣಿದಾಡಿದರು. ಸಾಪರ್ಗಾಲಿ ಅವರೂ ಚಪ್ಪಾಳೆ ತಟ್ಟಿದರು.

೨೦೧೯ರ ವಸಂತದಲ್ಲಿ ಸಾಪರ್ಗಾಲಿ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದುದರಿಂದ, ತರಾಜ್‌ನ ಪಂದ್ಯಕ್ಕೆ ಹೋದ ಮೊಲ್ದಿರ್ ಅಲ್ಲಿಯವರ ಕೈಲಿ ತಂತಿ ಹಾಕಿಸಿಕೊಂಡರು. ಆ ಊರಿನವರು ಚೀಟಿ ನೋಡಿ ನಿಜವಾದ ಇಪ್ಪತ್ತೈದನ್ನೇ ಹಾಕಿದರು. ಹೊಡೆದದ್ದೆಲ್ಲ ಬಲೆಗೆ ಬಿತ್ತು, ಮೊದಲ ಸುತ್ತಿನಲ್ಲೇ ಹದಿನೆಂಟರ ಹುಡುಗಿಯೊಬ್ಬಳು ಆಕೆಯನ್ನು ಒಂದು ಗಂಟೆಯಲ್ಲಿ ಮನೆಗೆ ಕಳಿಸಿದಳು. ಸಂಶಯ ಬಂದು, ಸಾಪರ್ಗಾಲಿ ಅವರು ತಂತಿ ಕಟ್ಟಿದ್ದ ಹಳೆಯ ರ್‍ಯಾಕೆಟ್ಟನ್ನು ಅಳೆಸಿ ನೋಡಿದ ಮೊಲ್ದಿರ್, ಊರಿಗೆ ಮರಳಿದವರೇ ನೇರ ಆ ಕೋಣೆಗೆ ಬಂದರು.

"ಎಷ್ಟು ಹಾಕ್ತಿದ್ರಿ?"

"ಇಪ್ಪತ್ತಮೂರು."

"ಯಾವಾಗಿಂದ?"

"ಮೂರು ವರ್ಷ ಆಯ್ತು. ನಿನ್ನ ಭುಜ ನೋಯ್ತಿತ್ತಲ್ಲ, ಮಗಳೇ."

"ಭುಜ ನಂದು! ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ? ಕೊಕ್ಶೆತಾವ್‌ನೋರು ತರಬೇತಿ ಕೆಲಸಕ್ಕೆ ಕರೆದ್ರು, ಬೇಡ ಅಂದೆ. ಮದುವೆ ಮಾತು ಬಂತು, ಇನ್ನೊಂದು ವರ್ಷ ತಡೀರಿ ಅಂದೆ. ನನ್ನ ಕೈ ಇನ್ನೂ ಹಾಗೇ ಇದೆ ಅಂತ ನಂಬ್ಕೊಂಡು! ನೀವು ಇಲ್ಲೇ ಕೂತು ನೋಡ್ತಾ ಇದ್ರಿ."

ಭುಜದ ಮಾತಿಗೇ ನಿಲ್ಲಿಸಿದ್ದರೆ ಕ್ಷಮೆ ಸಿಗುತ್ತಿತ್ತೋ ಏನೋ. ಸಾಪರ್ಗಾಲಿ ಅವರಿಗೆ ಹಾಗೆ ನಿಲ್ಲಿಸಲಾಗಲಿಲ್ಲ. "ಭುಜಕ್ಕೋಸ್ಕರ ಅಂದಿದ್ದು ಅರ್ಧ ಸುಳ್ಳು" ಎಂದರು. "ಕುಲ್ಯಾಶ್ ಹೋದ್ಳು. ನೀನೂ ಆಟ ಬಿಟ್ರೆ, ನನ್ನ ಜೊತೆ ವಯಸ್ಸಾಗೋರು ಇಲ್ಲಿ ಯಾರಿದಾರೆ? ಅದಕ್ಕೇ ನಿನ್ನನ್ನ ಇಟ್ಕೊಂಡೆ."

"ಹಾಗಾದ್ರೆ ಆ ಮೂರು ವರ್ಷ ಗೆದ್ದಿದ್ದು ನಾನಲ್ಲ" ಎಂದಷ್ಟೇ ಹೇಳಿದ ಮೊಲ್ದಿರ್, ಆ ಪ್ರಶಸ್ತಿ ಬಟ್ಟಲನ್ನು ತಂದು ನಮ್ಮ ಕಚೇರಿಯ ಮೇಜಿನ ಮೇಲಿಟ್ಟು ಹೊರಟುಹೋದರು. ಈಗ ಕೊಕ್ಶೆತಾವ್‌ನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾರೆ. ಐದು ವರ್ಷಗಳಲ್ಲಿ ಒಂದು ಫೋನೂ ಇಲ್ಲ. ಈ ಗ್ರಂಥಕ್ಕೆ ಲೇಖನ ಬೇಡಿ ನಾವು ಬರೆದ ಎರಡು ಪತ್ರಗಳಿಗೂ ಉತ್ತರ ಬಂದಿಲ್ಲ.

ಇದನ್ನೆಲ್ಲ ಅಚ್ಚು ಹಾಕಬೇಕೆಂದು ಹಟ ಹಿಡಿದವರು ಸನ್ಮಾನಿತರೇ. ಬೇಡವೆಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. "ಹೊಗಳಿಕೆ ಆಮೇಲೆ ಬರ್ಕೊಳ್ಳಿ. ಮೊದಲು ಇದನ್ನ ಬರೀರಿ" ಎಂದು ಮೇಜು ಕುಟ್ಟಿದರು. "ತಂತಿ ಯಾವತ್ತಾದ್ರೂ ಪಂದ್ಯ ಗೆದ್ದಿದ್ಯಾ? ಸುಳ್ಳು ಚೀಟೀಲಿತ್ತು, ಅವಳ ಆಟದಲ್ಲಿರಲಿಲ್ಲ. ಇಪ್ಪತ್ತಮೂರು ಕಿಲೋ ತಂತೀಲಿ ಮೂವತ್ತು ವಯಸ್ಸಿನ ಕೈ ಗೆಲ್ತು, ಅದು ಅವಳದೇ ಕೈ. ಅವತ್ತೇ ಇದನ್ನ ಹೇಳಿದ್ರೆ ಅವಳು ಇನ್ನೂ ಐದು ವರ್ಷ ಆಡ್ತಿದ್ಲೋ, ಅವತ್ತೇ ಬಿಡ್ತಿದ್ಲೋ, ಅವಳಿಷ್ಟ ಆಗಿರ್ತಿತ್ತು. ನಾನು ಹೆದರಿಬಿಟ್ಟೆ."

ಮುಂದಿನ ತಿಂಗಳು ಆ ಕೋಣೆಗೆ ಹೊಸ ಯಂತ್ರ ಬರುತ್ತದೆ. ಹಳೆಯದನ್ನು ಸಾಪರ್ಗಾಲಿ ಅವರು ತಮ್ಮ ಮನೆಯ ಅಡುಗೆಕೋಣೆಗೆ ಒಯ್ಯುತ್ತಿದ್ದಾರೆ. ಅವರಿಗೆ ಆಯುರಾರೋಗ್ಯ ದೊರೆಯಲಿ, ಅವರ ಕೈಕೆಲಸ ನಿಲ್ಲದೆ ಸಾಗಲಿ ಎಂದು ನಾವೆಲ್ಲ ಮನಸಾರೆ ಹಾರೈಸಿದೆವು. ಆಗ ಅವರು, "ಒಬ್ಬನೇ ಇರೋನಿಗೆ ಅಷ್ಟೊಂದು ಆಯಸ್ಸು ಏನಕ್ಕಪ್ಪಾ" ಎಂದು ನಕ್ಕು, ಈ ಗ್ರಂಥದ ಮೊದಲ ಪ್ರತಿಯನ್ನು ಕೊಕ್ಶೆತಾವ್‌ಗೆ ಕಳಿಸುವಂತೆ ಕೇಳಿಕೊಂಡರು.

"ಕೊನೇಲಿ ಒಂದು ಸಾಲು ಸೇರಿಸಿ" ಎಂದರು. "ಅವಳು ರ್‍ಯಾಕೆಟ್ ತಂದ್ರೆ, ಈ ಸಲ ಅವಳನ್ನ ಕೇಳಿಯೇ ಹಾಕ್ತೀನಿ ಅಂತ."